ಬೂಷ್ಟಿನ ಮೇಲೆ ಬಣ್ಣ ಬಳಿಯದವನು

ಯಾರ ಮನೆಗೆ ಬಣ್ಣ ಹೊಡೆಯಲು ಹೋದರೂ ಆತ ಮೊದಲು ಗೋಡೆಯನ್ನು ನೋಡುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ, ಮುಖವನ್ನು ತುಸು ಮೇಲೆತ್ತಿ, ಕೋಣೆಯ ಗಾಳಿಯನ್ನು ದೀರ್ಘವಾಗಿ ಆಘ್ರಾಣಿಸುತ್ತಿದ್ದ. ಆದ್ದರಿಂದಲೇ ನಮ್ಮ ಬೀದಿಯವರು ಅವನನ್ನು ಮೂಗಪ್ಪ ಎಂದರು. ಹೆಸರು ಕೇಳಿದ ಹೊಸಬರು ಪಾಪ, ಮಾತು ಬಾರದವನಿರಬೇಕೆಂದು ಮರುಗಿ, ಎರಡೇ ನಿಮಿಷದಲ್ಲಿ ಆ ಮರುಕವನ್ನು ಹಿಂತೆಗೆದುಕೊಳ್ಳುತ್ತಿದ್ದರು.

ಎಡಗಾಲನ್ನು ಕೊಂಚ ಎಳೆದು ನಡೆಯುವ, ನೂರಾರು ಮನೆಗಳ ಬಣ್ಣ ಸಿಡಿದು ಮೂಲವರ್ಣವೇ ಮರೆತುಹೋದ ಕೋಟನ್ನು ಬೇಸಿಗೆಯಲ್ಲೂ ಕಳಚದ ಆ ಮನುಷ್ಯ ಯಾರಿಗೆ ಬುದ್ಧಿ ಹೇಳಿದರೂ ಮಾತನ್ನು "ಕೇಳಿಸ್ತಾ?" ಎಂದೇ ಮುಗಿಸುತ್ತಿದ್ದ. ಶೀತಕ್ಕೆ ಹೆದರಿ ಕಿಟಕಿಯ ಸಂದುಗಳಿಗೆಲ್ಲ ಕಾಗದ ತುರುಕಿದ್ದ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಅದಷ್ಟನ್ನೂ ಕಿತ್ತೆಸೆದು, "ಮೇಷ್ಟ್ರೇ, ನೀವು ಹೋದ ತಿಂಗಳು ಬಿಟ್ಟ ಉಸಿರು ಇನ್ನೂ ಇಲ್ಲೇ ಸುತ್ತಾಡ್ತಿದೆ, ಕೇಳಿಸ್ತಾ?" ಎಂದಿದ್ದ.

ಬೀದಿಯ ತುದಿಯ ಮೂರಂತಸ್ತಿನ ಮನೆಯ ಯಜಮಾನ ಅವನನ್ನು ಕರೆಸಿದ್ದು ಕೆಳಗಿನ ಹಿಂಬದಿ ಕೋಣೆಗೆ. ಅಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳು ಆರು ವರ್ಷದ ಮಗಳೊಡನೆ ಬಾಡಿಗೆಗಿದ್ದಳು. ತಾನು ಸಂಜೆ ಕೂರುವ ಹಿತ್ತಲಿಗೆ ಬಚ್ಚಲ ಹಬೆ ಬರುತ್ತದೆಂದು ಯಜಮಾನ ಬಚ್ಚಲ ಗವಾಕ್ಷಿಗೆ ಇಟ್ಟಿಗೆ ಇಡಿಸಿ ಮುಚ್ಚಿದ್ದ. ಹೊರದಾರಿ ತಪ್ಪಿದ ಹಬೆ ಕೋಣೆಗೆ ನುಗ್ಗಿ, ತಣ್ಣನೆಯ ಗೋಡೆಯ ಮೇಲೆ ನೀರಾಗಿ ಕೂತು, ಬೀರುವಿನ ಹಿಂದೆಲ್ಲ ಕಪ್ಪು ಬೂಷ್ಟು ಹಬ್ಬಿತ್ತು. ಮಗುವಿಗೆ ಬಿಡದ ಕೆಮ್ಮು, ಎದೆಯಲ್ಲಿ ಗೊರಗೊರ.

ಮೂಗಪ್ಪ ಬೀರು ಸರಿಸಿ, ಗೋಡೆ ಸವರಿ, ಮಸಿಯಾದ ಅಂಗೈಯನ್ನು ಯಜಮಾನನ ಮುಖಕ್ಕೆ ಹಿಡಿದ.

"ಇದರ ಮೇಲೆ ನಾನು ಬಣ್ಣ ಹೊಡೆಯಲ್ಲ. ಮೊದಲು ಆ ಗವಾಕ್ಷಿ ತೆಗೆಸಿ, ಕೇಳಿಸ್ತಾ?"

"ನಿನ್ನ ಕೆಲಸ ಬಣ್ಣ ಹೊಡೆಯೋದು. ಪುರಾಣ ಬೇಡ."

"ಹಾಗಾದ್ರೆ ಬೇರೆಯವರನ್ನ ನೋಡ್ಕೊಳ್ಳಿ, ಕೇಳಿಸ್ತಾ?"

ಬೇರೆಯವನು ಬಂದ, ಬಳಿದ. ಎರಡು ತಿಂಗಳೊಳಗೆ ಬೂಷ್ಟು ಬಣ್ಣವನ್ನು ಸೀಳಿಕೊಂಡು ಮೇಲೆದ್ದಿತು. ಮಗು ಮಲಗಲಾರದೆ ಗೋಡೆಗೊರಗಿ ಕೂತೇ ನಿದ್ರಿಸುವಂತಾಯಿತು. ಆಗ ಹೊಲಿಗೆಯವಳು ಮೂಗಪ್ಪನ ಬಾಗಿಲಿಗೆ ಬಂದಳು.

"ಅಣ್ಣಾ, ಆ ಗವಾಕ್ಷಿ ಒಡೆದುಕೊಡ್ತೀರಾ?"

"ಮನೆ ಬಿಡು ಅಂತಾರಲ್ಲಮ್ಮ?"

"ಮನೆ ಬೇಕಾದ್ರೆ ಬಿಡ್ತೀನಿ. ಮಗೂನ ಬಿಡೋಕಾಗುತ್ತಾ?"

ಮರುದಿನ ಬೆಳಗ್ಗೆ ಮೂಗಪ್ಪ ಉಳಿ, ಸುತ್ತಿಗೆ ಹಿಡಿದು ಹೋದ. ಮೊದಲ ಪೆಟ್ಟಿಗೇ ಯಜಮಾನ ಕೂಗಾಡುತ್ತ ಓಡಿಬಂದ.

"ಯಾರ ಗೋಡೆ ಅಂತ ಗೊತ್ತೇನೋ?"

"ಗೋಡೆ ನಿಮ್ದೇ ಸ್ವಾಮಿ. ಗಾಳಿ ನಿಮ್ಮಪ್ಪಂದಾ?"

ಅಂದು ಮಾತ್ರ ಅವನು "ಕೇಳಿಸ್ತಾ" ಎನ್ನಲಿಲ್ಲ. ಇಡೀ ಬೀದಿಗೇ ಕೇಳಿಸಿತ್ತು. ಸುತ್ತಿಗೆ ಕಸಿಯಲು ಮುಂದಾದ ಯಜಮಾನನಿಗೆ ಹೊಲಿಗೆಯವಳು ಕತ್ತರಿಯನ್ನೂ ಕೆಳಗಿಡದೆ ಅಡ್ಡ ನಿಂತಳು. ಕೊನೆಯ ಇಟ್ಟಿಗೆ ಹಿತ್ತಲಿಗೆ ಉರುಳಿತು. ಮಗುವನ್ನು ನೆರೆಮನೆಗೆ ಕಳಿಸಿ, ಮೂಗಪ್ಪ ಗೋಡೆಯನ್ನು ಒದ್ದೆ ಮಾಡಿ ಕೆರೆದು ತೊಳೆದ. ಪೂರಾ ಒಣಗಿದ ಮೇಲೆ ಬಂದು ಸುಣ್ಣ ಬಳಿದ.

ತಿಂಗಳೊಳಗೆ ಮನೆ ಬಿಡಬೇಕೆಂದು ಯಜಮಾನನ ಅಪ್ಪಣೆಯಾಯಿತು. ಬಿಡುವ ಮುನ್ನ ಆ ಮಗು ಅದೇ ಕೋಣೆಯಲ್ಲಿ ಬೆನ್ನು ಹಾಸಿ ಮಲಗಿ ನಿದ್ರಿಸಿತು. ಮೂಗಪ್ಪನನ್ನು ನಮ್ಮ ಬೀದಿಯವರು ಒಂದೂವರೆ ವರ್ಷ ಕೆಲಸಕ್ಕೆ ಕರೆಯಲಿಲ್ಲ. ಯಾರೋ ಅನುಕಂಪದಿಂದ, ಪಶ್ಚಾತ್ತಾಪವಿಲ್ಲವೇ ಎಂದು ಕೇಳಿದರು.

"ಇದೆ. ಆಗಲ್ಲ ಅಂತ ಹೇಳಿ ಎರಡು ತಿಂಗಳು ಮನೇಲಿ ಕೂತ್ನಲ್ಲ, ಅದಕ್ಕೆ."

ಕೆಟ್ಟ ಕೆಲಸದಿಂದ ಕೈ ಹಿಂತೆಗೆದೊಡನೆ ತಾವು ಶುದ್ಧರಾದೆವೆಂದು ತೃಪ್ತರಾಗುವವರು ಲೋಕದಲ್ಲಿ ಬಹಳ. ಹಾಗೆ ದೂರ ನಿಂತುದಕ್ಕೇ ನಾಚಿ ಮರಳಿ ಬರುವವರು ವಿರಳ. ಅಂಥವರನ್ನು ನಾವು ಜಗಳಗಂಟರೆಂದು ಜರೆಯುತ್ತೇವೆ, ಕಂಡರೆ ಬದಿಗೆ ಸರಿಯುತ್ತೇವೆ. ಆದರೆ ಅವರು ಒಮ್ಮೆ ಒಡೆದುಕೊಟ್ಟ ಕಿಂಡಿಯನ್ನು ಮತ್ತೆ ಮುಚ್ಚುವ ಧೈರ್ಯ ನಮ್ಮಲ್ಲಿ ಯಾರಿಗೂ ಬರುವುದಿಲ್ಲ.