ಕಷ್ಟದ ಕಾರ್ಡು

ಭಟ್ಕಳದ ಅಂಗಡಿಯ ಗಾಜಿನ ಮೇಲೆ ಎರಡು ಗ್ರಾಫಿಕ್ಸ್ ಕಾರ್ಡುಗಳಿದ್ದವು. ಒಂದನ್ನು ಸಿಕ್ಕಿಸಿದರೆ ಲಿನಕ್ಸ್ ತಾನಾಗಿ ಗುರುತು ಹಿಡಿಯುತ್ತಿತ್ತು. ಇನ್ನೊಂದಕ್ಕೆ ಡ್ರೈವರ್ ಎಂಬ ತಂತ್ರಾಂಶವನ್ನು ಬೇರೆಯಾಗಿ ಹಾಕಿ, ಫೈಲನ್ನು ಕೈಯಾರೆ ತಿದ್ದಬೇಕು. ಅಲ್ಲಿಯವರೆಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮಾತ್ರ. ವಂದನಾ ಎರಡನೆಯದನ್ನು ಎತ್ತಿಕೊಂಡಳು.

"ಅದು ಗೇಮ್ ಆಡುವವರು ಒಯ್ಯುವುದು ಮೇಡಂ, ನಿಮಗೆ ಎಂತಕ್ಕೆ?" ಅಂಗಡಿಯವರು ನಕ್ಕು ಮೊದಲನೆಯದನ್ನು ಮುಂದೆ ತಳ್ಳಿದರು. "ಲಿನಕ್ಸಿಗೆ ಇದೇ ಸಲೀಸು."

"ಗೊತ್ತುಂಟು."

ಗೊತ್ತಿದ್ದೇ ಕಷ್ಟದ್ದನ್ನು ಆರಿಸಿದ್ದಳು. ಹೊನ್ನಾವರದ ಕಾಲೇಜಿನ ಲ್ಯಾಬಿನಲ್ಲಿ ಜೊತೆಗೆ ಕಲಿಸುತ್ತಿದ್ದ ಸುಹಾಸ ಅವಳ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನು. 2004ರ ಜೂನಿನಲ್ಲಿ ಕುಮಟೆಯ ಕಾಲೇಜು ಸೇರಿದವನು ಮತ್ತೆ ಇತ್ತ ಹಾಯಲಿಲ್ಲ. ಕುಮಟೆಯಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ಸುಮ್ಮನೆ ಬಾ ಎನ್ನಲು ಅವಳಿಗೆ ನಾಲಿಗೆ ಏಳದು. ಕಂಪ್ಯೂಟರ್ ಕೆಟ್ಟರೆ ಕರೆಯಬಹುದು.

ಶುಕ್ರವಾರ ಫೋನ್ ಮಾಡಿದಳು.

"ಹೊಸ ಗೇಮಿನ ಕಾರ್ಡು ಹಾಕಿದ್ದೆ. ಅಕ್ಷರ ಬಿಟ್ರೆ ಎಂತೂ ಬತ್ತಾ ಇಲ್ಲೆ. ಆದಿತ್ಯವಾರ ನಿಂಗೆ ಬಿಡುವಿದ್ದಾ?"

"ಅದನ್ನ ಎಂತಕ್ಕೆ ತಗಂಡೆ ಮಾರಾಯ್ತಿ! ಬಿಡುವೇನೋ ಇದ್ದು, ನೋಡನ... ಕ್ಲಾಸಿಗೆ ಹೊತ್ತಾತು. ಆತು, ಬತ್ತೆ."

ಬರುತ್ತೇನೆಂದನಲ್ಲ! ಶನಿವಾರವೇ ಬಾಳೆಹಣ್ಣಿನ ಬನ್ಸಿಗೆ ಹಿಟ್ಟು ಕಲಸಿಟ್ಟಳು. ಬಾಡಿಗೆ ಕೋಣೆ ಗುಡಿಸಿ, ಎರಡನೆಯ ಕುರ್ಚಿಯ ಮೇಲಿನ ಬಟ್ಟೆ ತೆಗೆದಳು. ಆದಿತ್ಯವಾರ ಕುಮಟೆಯ ಬಸ್ಸುಗಳು ಒಂದರ ಹಿಂದೊಂದು ತಿರುವಿನಲ್ಲಿ ನಿಂತು, ಖಾಲಿ ಬುಟ್ಟಿಯ ಮೀನಿನ ಹೆಂಗಸರನ್ನು ಇಳಿಸಿ ಮುಂದಕ್ಕೆ ಹೋದವು. ನಾಲ್ಕರ ಹೊತ್ತಿಗೆ ಹಿಟ್ಟು ವಿಪರೀತ ಹುಳಿ ಬಂದಿತ್ತು. ಐದಕ್ಕೆ ಮತ್ತೆ ಫೋನ್ ಮಾಡಿದಳು.

"ಬತ್ತೆ ಹೇಳಿದ್ಯಲ?"

"ನಾನಾ? ಯಾವಾಗ?" ಆಮೇಲೆ ಸುಹಾಸ ಜೋರಾಗಿ ನಕ್ಕ. "ಅಯ್ಯೋ, ಅದು ಫೋನ್ ಇಡಕಾದ್ರೆ ಹೇಳ ಬತ್ತೆ! 'ಹೋಗ್ತೆ' ಹೇಳಿ ಯಾರಾದ್ರೂ ಹೇಳ್ತ್ವಾ?"

ಅವಳೂ ನಕ್ಕಳು. ಮಾತು ಕಲಿತಂದಿನಿಂದ ಯಾರ ಮನೆಯಿಂದ ಹೊರಟಾಗಲೂ ತಾನೂ ಅದನ್ನೇ ಹೇಳಿದವಳು, ಈ ಒಂದು ಸಲ ಅದನ್ನು ನಂಬಿಬಿಟ್ಟಿದ್ದಳು.

"ನಾನೇ ಲಿನಕ್ಸ್ ತೆಗದಾತು," ಎಂದ ಅವನು. "ನೀನೂ ವಿಂಡೋಸ್ ಹಾಕ್ಸು. ತಲೆಬಿಸಿ ಇಲ್ಲೆ."

ಫೋನಿಟ್ಟು ಮೇಜಿನ ಖಾನೆಯಿಂದ ಸಿಡಿ ತೆಗೆದಳು. ಡ್ರೈವರನ್ನು ಬುಧವಾರವೇ ಕಾಲೇಜಿನಲ್ಲಿ ಇಳಿಸಿಟ್ಟುಕೊಂಡಿದ್ದಳು. ಮೂರು ಸಾಲು ಟೈಪ್ ಮಾಡಿ, ಫೈಲಿನಲ್ಲಿ ಒಂದು ಪದ ತಿದ್ದಿದಳು. ಹತ್ತು ನಿಮಿಷದ ಕೆಲಸ. ಪರದೆ ನೀಲಿಯಾಗಿ ತೆರೆದುಕೊಂಡಿತು.

ಬೇರೆ ಏನಾದರೂ ಕೆಟ್ಟಿದೆಯೇ ಎಂದು ಒಂದೊಂದನ್ನೇ ತೆರೆದು ನೋಡಿದಳು. ಯಾವುದೂ ಕೆಟ್ಟಿರಲಿಲ್ಲ.