ರೌಟರಿಗೆ ಏಳು ವರ್ಷ

ನಾಲ್ಕಕ್ಕೆ ಇನ್ನು ಐವತ್ತು ನಿಮಿಷವಿತ್ತು. ಹಿಂದಿನ ಕೋಣೆಯಲ್ಲಿ ವೈಫೈನ ಮೂರು ಗೆರೆಗಳ ಪೈಕಿ ಒಂದೇ ಉಳಿದಿತ್ತು. ಸೊಸೆ ಲ್ಯಾಪ್‌ಟಾಪ್ ಹಿಡಿದು ಮೂಲೆಯಿಂದ ಮೂಲೆಗೆ ಬೆಕ್ಕಿನಂತೆ ಸುತ್ತುತ್ತಿದ್ದಳು.

ಅವಳದು ಕೈಸನ್ನೆಯ ದುಭಾಷಿ ಕೆಲಸ. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಕಿವಿ ಕೇಳದ ರೋಗಿಗೆ ವೀಡಿಯೊದಲ್ಲಿ ಕೈಯಿಂದ ಹೇಳಬೇಕು. ಮಾತು ಕರಕರ ಎಂದರೂ ಊಹಿಸಿಕೊಳ್ಳಬಹುದು. ಚಿತ್ರ ನಿಂತರೆ ಊಹೆಗೂ ದಾರಿಯಿಲ್ಲ. ಹೋದ ವಾರ, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿ ಎನ್ನುವಾಗ ಮಾತ್ರೆಯವರೆಗೆ ಹೋದ ಕೈ ಅಲ್ಲೇ ಕಲ್ಲಾಯಿತು. ಆ ಕಡೆಯ ಹೆಂಗಸು ತಲೆಯಾಡಿಸಿ ಮಾತ್ರೆ ಹುಡುಕಲು ಹೊರಟೇಬಿಟ್ಟಿದ್ದರು. ಚಿತ್ರ ಮರಳಿತು, ಸರಿ. ಮರಳದಿದ್ದರೆ? ಇವತ್ತು ನಾಲ್ಕಕ್ಕೆ ಅದೇ ಹೆಂಗಸಿನೊಡನೆ ಕೊನೆಯ ಮಾತು. ನಾಳೆ ಬೆಳಗ್ಗೆ ಅವರಿಗೆ ಆಪರೇಷನ್. ಮುಚ್ಚಿದ ಕೋಣೆ, ಬರಿಗೋಡೆ ಇರಲೇಬೇಕೆಂಬುದು ಆಸ್ಪತ್ರೆಯ ಕಟ್ಟಳೆ. ಅಂಥ ಕೋಣೆ ಇದೊಂದೇ, ಮತ್ತು ಇಲ್ಲಿ ಮೊಬೈಲ್ ಸಿಗ್ನಲ್ ಎಂದೂ ಉಸಿರಾಡಿದ್ದಿಲ್ಲ.

ಹಾಲ್‌ನಲ್ಲಿ ನೆಟ್ ರಿಪೇರಿಯವನು ರೌಟರ್ ನೋಡಲು ಸ್ಟೂಲ್ ಹತ್ತಿದ್ದ.

"ಎಷ್ಟು ವರ್ಷ ಆಯ್ತು ಇದಕ್ಕೆ?"

"ಏಳು," ಅತ್ತೆ ಹೇಳಿದರು.

"ಅಷ್ಟೇ ಮತ್ತೆ. ವಯಸ್ಸಾಯ್ತು. ಬಿಸಿಯಾಗಿ ಬಿಸಿಯಾಗಿ ಒಳಗೇ ಸೊರಗಿರುತ್ತೆ."

ಮಾವ ಮುಂದಿನ ಕೋಣೆಯಲ್ಲಿ ಕನ್ನಡಿಗಳಿಗೆ ಚೌಕಟ್ಟು ಹಾಕುತ್ತ ನಲವತ್ತು ವರ್ಷ ಕಳೆದವರು. ವಯಸ್ಸು ಎಂಬ ಮಾತು ಕಿವಿಗೆ ಬಿದ್ದದ್ದೇ ಉಳಿ ಕೆಳಗಿಟ್ಟು ಬಂದರು. "ಏಳು ವರ್ಷಕ್ಕೆ ಯಾರಿಗಪ್ಪಾ ವಯಸ್ಸಾಗೋದು? ನನ್ನ ಗರಗಸಕ್ಕೆ ಮೂವತ್ತು!"

"ಗರಗಸ ಹಗಲು ರಾತ್ರಿ ಕೆಲಸ ಮಾಡಲ್ಲ, ಯಜಮಾನ್ರೇ."

"ಇವರೂ ಮಾಡಲ್ಲ," ಎಂದರು ಅತ್ತೆ.

ಆರಿಸಿ ಹಚ್ಚಿದ್ದಾಯಿತು. ಅಡಾಪ್ಟರ್ ಬದಲಾಯಿತು. ಅಕ್ಕಪಕ್ಕದ ಮನೆಗಳ ವೈಫೈ ಗದ್ದಲವಿಲ್ಲದ ಚಾನೆಲ್ ಹುಡುಕಿದ್ದೂ ಆಯಿತು. ಕೊನೆಗೆ ಚೀಲದಿಂದ ಹೊಚ್ಚ ಹೊಸ ರೌಟರನ್ನೇ ತೆಗೆದು ಹಚ್ಚಿದ. ಹಾಲ್‌ನಲ್ಲಿ ಮೂರು ಗೆರೆ. ಹಿಂದಿನ ಕೋಣೆಯಲ್ಲಿ ಮತ್ತೆ ಅದೇ ಒಂಟಿ ಗೆರೆ.

"ಹರೆಯದವರೂ ಮಕಾಡೆ ಮಲಗಿದ್ರು," ಎಂದರು ಮಾವ, ಸಮಯಕ್ಕೆ ಒಪ್ಪದ ಖುಷಿಯಲ್ಲಿ.

"ದಮ್ಮಯ್ಯ ಸುಮ್ನಿರಿ ಮಾವ. ಇನ್ನು ಹದಿನೈದೇ ನಿಮಿಷ." ಹೇಳುವಾಗ ಸೊಸೆಯ ಬೆರಳುಗಳೂ ತಮ್ಮಷ್ಟಕ್ಕೆ ಅದನ್ನೇ ಹೇಳಿದವು.

ರಿಪೇರಿಯವನು ಸೋತು, ಒಳಗಿನ ಗೋಡೆಗಳನ್ನೊಮ್ಮೆ ನೋಡುತ್ತೇನೆಂದು ಹಾಲ್‌ಗೂ ಕೋಣೆಗೂ ನಡುವಿನ ಓಣಿಗೆ ಬಂದ. ಬಂದವನು ಅಭ್ಯಾಸಬಲದಿಂದ ಬಾಚಣಿಗೆ ತೆಗೆದು ಕ್ರಾಪು ತೀಡಿಕೊಂಡ. ಬಾಚಣಿಗೆ ತಲೆಯಲ್ಲೇ ನಿಂತಿತು.

"ಇದು ಯಾವಾಗಿಂದ ಇಲ್ಲಿದೆ?"

"ಯಾವುದು?" ಮೂವರೂ ಒಟ್ಟಿಗೆ ಕೇಳಿದರು.

ಆಳೆತ್ತರದ ಕನ್ನಡಿ. ದರ್ಜಿ ಅಂಗಡಿಯವರು ಮಾಡಿಸಿ, ಚೌಕಟ್ಟಿನ ಬಣ್ಣ ಹಿಡಿಸದೆ ಹತ್ತು ದಿನದ ಹಿಂದೆ ಹಿಂದಿರುಗಿಸಿದ್ದು. ದಿನಕ್ಕೆ ನಲವತ್ತು ಸಲ ಅದರ ಮುಂದೆ ಹಾದುಹೋಗುತ್ತಿದ್ದರು. ಮೀನು ಮಾರುವವರ ಮೂಗಿಗೆ ಮೀನು ನಾರುವುದಿಲ್ಲ. ಆ ಮನೆಯಲ್ಲಿ ಕನ್ನಡಿ ಯಾರ ಕಣ್ಣಿಗೂ ಬೀಳುವುದಿಲ್ಲ.

"ಬೆನ್ನಿಗೆ ಲೋಹದ ಲೇಪ ಇದೆಯಲ್ಲ ಯಜಮಾನ್ರೇ. ಬೆಳಕಿನ ಹಾಗೇ ಸಿಗ್ನಲ್ಲನ್ನೂ ವಾಪಸ್ ಕಳಿಸ್ತಿದೆ. ನಿಮ್ಮ ರೌಟರಿಗೆ ವಯಸ್ಸಾಗಿದ್ದು ನಿಜ. ಇವತ್ತಿನ ತಪ್ಪು ಮಾತ್ರ ಅದರದ್ದಲ್ಲ."

ಮಾವ ಕನ್ನಡಿಯ ಒಂದು ಅಂಚಿಗೆ ಕೈ ಹಾಕಿದರು.

ಗಂಟೆ ಮೂರೂ ಐವತ್ತನಾಲ್ಕು. ಸೊಸೆಯ ಕೋಣೆ ಬಿಟ್ಟರೆ ಒರಗಿಸಲು ಒಂದು ಗೋಡೆಯೂ ಖಾಲಿ ಇರಲಿಲ್ಲ. ಮಾವ, ರಿಪೇರಿಯವನು ಇಬ್ಬರೂ ಸೇರಿ ಕನ್ನಡಿಯನ್ನು ಬಾಗಿಲ ಹೊರಗಿನ ಜಗಲಿಗೆ ಹೊತ್ತರು. ಅಲ್ಲಿ ನೆಲ ಇಳಿಜಾರು, ಬಿಟ್ಟರೆ ಜಾರುತ್ತದೆ.

"ನಾನು ಹಿಡ್ಕೊಂಡಿರ್ತೀನಿ. ನೀನು ಹೋಗಮ್ಮಾ," ಎಂದರು ಮಾವ.

ಮೂರು ಗೆರೆ. ಆದರೂ ಕೋಣೆಯಲ್ಲಿ ಮಾತು ನಡೆಯುವಾಗಲೂ ಅವಳ ಒಂದು ಕಣ್ಣು ಆ ಗೆರೆಗಳ ಮೇಲೇ ನೆಟ್ಟಿತ್ತು. ಡಾಕ್ಟರು ಕೊನೆಗೆ, ರಾತ್ರಿ ಹನ್ನೆರಡರ ಮೇಲೆ ನೀರೂ ಬೇಡ ಎಂದರು. ಸೊಸೆ ಹೇಳಿದಳು, ಹೆಂಗಸಿನಿಂದ ತಿರುಗಿ ಹೇಳಿಸಿದಳು. ಒಮ್ಮೆ ಡಾಕ್ಟರಿಗಾಗಿ, ಇನ್ನೊಮ್ಮೆ ನೆಟ್ಟಿನ ಮೇಲಿನ ಅಪನಂಬಿಕೆಗೆ, ಮತ್ತೊಮ್ಮೆ ಸುಮ್ಮನೆ ಹೆದರಿಕೆಗೆ. ಮೂರನೆಯ ಸಲಕ್ಕೆ ಹೆಂಗಸು ನಕ್ಕು ಕೈಯಲ್ಲೇ ಕೇಳಿದರು: "ಮೂರು ಸಲ ಹೇಳಿದ್ರಿ. ಆಪರೇಷನ್ ನನಗೋ, ನಿಮಗೋ?"

ಹೊರಗೆ ಬಂದಾಗ ಜಗಲಿಯಲ್ಲಿ ಕನ್ನಡಿ ನೆಟ್ಟಗೆ ನಿಂತಿತ್ತು. ಅಂಚಿನಲ್ಲಿ ಮಾವನ ಎಂಟು ಬೆರಳು ಮಾತ್ರ ಕಾಣುತ್ತಿದ್ದವು.

"ಆಯ್ತೇನಮ್ಮಾ?"

ಆಯ್ತು ಎಂದಳು, ಕೈಯಲ್ಲಿ. ಕನ್ನಡಿಯೊಳಗಿನ ಕೈ ಅದನ್ನು ಸರಿಯಾಗಿಯೇ ತಿರುಗಿ ಹೇಳಿತು.

"ಏನಮ್ಮಾ, ಆಯ್ತೇ?" ಎಂದರು ಮಾವ ಕನ್ನಡಿಯ ಹಿಂದಿನಿಂದ. "ತೋಳು ಬಿದ್ದುಹೋಗ್ತಿದೆ ಇಲ್ಲಿ!"