ಪಕ್ಕದಲ್ಲೇ ಇದ್ದ ಅಕ್ಕ

ಈಜು ಕಲಿಸುತ್ತಿದ್ದ ತಂಗಿಗೆ ತೊಡೆಯ ಮೂಳೆಯಲ್ಲಿ ಕ್ಯಾನ್ಸರ್ ಬಂದಿತ್ತು. ಕ್ಯಾನ್ಸರ್ ಜೀವಕೋಶಗಳನ್ನೇ ಹುಡುಕಿ ಹೊಡೆಯುವ ಪ್ರತಿಕಾಯದ ಔಷಧಿ ಕೊಡುತ್ತಿದ್ದಾರೆ ಎಂದು ಅಕ್ಕ ಹೇಳಿದ್ದಳು. ಆ ಧೈರ್ಯದಲ್ಲೇ ತಂಗಿ ನಗುತ್ತಾ ಡ್ರಿಪ್‌ಗೆ ಕೈ ಚಾಚುತ್ತಿದ್ದಳು.

ಒಂದು ಮಧ್ಯಾಹ್ನ ಡ್ರಿಪ್ ಹಾಕುತ್ತಿದ್ದ ಹೊಸ ನರ್ಸ್‌ಗೆ ತಂಗಿ ಆ ಪ್ರತಿಕಾಯದ ಔಷಧಿಯ ಬಗ್ಗೆ ಹೇಳಿದಾಗ ಅವಳು, "ಇದು ಮೂಳೆ ನೋವಿಗೆ ಅಷ್ಟೇ. ಆ ಔಷಧಿ ಗುರಿ ಹಿಡಿಯೋಕೆ ಬೇಕಾದ ಗುರುತು ನಿಮ್ಮ ಗಡ್ಡೆಯಲ್ಲಿ ಇಲ್ವಲ್ಲ, ಅದಕ್ಕೆ ಕೊಡ್ತಿಲ್ಲ. ಡಾಕ್ಟರ್ ನಿಮ್ಮಕ್ಕನಿಗೆ ಮೊದಲೇ ಹೇಳಿದ್ರು" ಎಂದಳು.

ಅಕ್ಕ ಬಂದಾಗ ತಂಗಿ ಕೇಳಿದಳು, "ನಂಗ್ಯಾಕೆ ಮುಚ್ಚಿಟ್ಟೆ?"

"ನೀನು ಕುಸಿದು ಹೋಗ್ತೀಯ ಅಂತ ಕಣೇ."

"ಕಾಲು ತೆಗೀಬೇಕು ಅಂತ ಡಾಕ್ಟರ್ ಅಂದಾಗ, ಆ ಔಷಧಿ ನಂಬಿ ನಾನು ಬೇಡ ಅಂದೆ. ನೀನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ."

ಹಿಡಿಯಲು ಬಂದ ಅಕ್ಕನ ಕೈಯನ್ನು ತಂಗಿ ಸರಿಸಿದಳು. "ಡಾಕ್ಟರ್‌ನ ಕರೀರಿ," ಎಂದು ಬಾಗಿಲ ಬಳಿ ಇದ್ದ ನರ್ಸ್‌ಗೆ ಹೇಳಿದಳು, "ನಾನೊಬ್ಬಳೇ ಮಾತಾಡ್ಬೇಕು."